ಮದುವೆ ಮನೆಯ ಟೆನ್ಶನ್ ಬೇರೆ, ಮುಗಿಯದ ಟೆನ್ಶನ್ ಬೇರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮಲ್ಲಿ ಹೇಳುತ್ತಾರೆ. ಎರಡೂ ಶುಭ ಕಾರ್ಯ, ಎರಡೂ ನಾವೇ ಬೇಕು ಅಂತ ಕೈಹಾಕಿದ್ದು, ಆದರೂ ಮಾಡಿ ಮುಗಿಸುವಷ್ಟರಲ್ಲಿ ಜೀವ ಹಣ್ಣಾಗಿರುತ್ತದೆ. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ವೈದ್ಯರು ಇಂಥದ್ದಕ್ಕೆಲ್ಲ ಅಂಕ ಕೊಟ್ಟರು. ಬದುಕಿನಲ್ಲಿ ಬರುವ 43 ಸಂಗತಿಗಳ ಪಟ್ಟಿ ಅದು. ಗಂಡ ಅಥವಾ ಹೆಂಡತಿ ತೀರಿಕೊಂಡರೆ 100 ಅಂಕ. ಕೆಲಸದಿಂದ ತೆಗೆದರೆ 47. ಮದುವೆಗೆ ಎಷ್ಟು ಗೊತ್ತಾ? 50. ಕೆಲಸ ಹೋಗುವುದಕ್ಕಿಂತ ಮೂರು ಅಂಕ ಜಾಸ್ತಿ! ರಜೆ ಹಾಕಿ ಟೂರ್ ಹೋಗುವುದಕ್ಕೂ 13 ಅಂಕ ಇದೆ. ಇದೆಲ್ಲ ಮದುವೆ ಆಗುವವರ ಲೆಕ್ಕ. ಮಾಡಿಕೊಡುವ ಅಪ್ಪ ಅಮ್ಮನಿಗೆ ಬೇರೆ ಅಂಕ ಇಟ್ಟಿಲ್ಲ, ಪಾಪ ಆ ವೈದ್ಯರು ಯಾವತ್ತೂ ಛತ್ರ ಬುಕ್ ಮಾಡಿರಲಿಲ್ಲ ಅನಿಸುತ್ತದೆ.

ಆದರೆ ಆ ಪಟ್ಟಿಯಲ್ಲಿ ಒಂದು ತೊಂದರೆ ಇದೆ. ಅಂಕ ಕೂಡಿಸುತ್ತಾ ಹೋಗುತ್ತದೆ, ಅಷ್ಟೆ. ಯಾವುದು ನಮ್ಮನ್ನು ಗಟ್ಟಿ ಮಾಡುತ್ತದೆ, ಯಾವುದು ಸವೆಸುತ್ತದೆ ಅಂತ ಹೇಳುವುದಿಲ್ಲ.

ಇಬ್ಬರು ಹೆಂಗಸರನ್ನು ನೆನೆಸಿಕೊಳ್ಳಿ, ನಿಮ್ಮ ಬಳಗದಲ್ಲೂ ಇರುತ್ತಾರೆ. ಒಬ್ಬರು ಮಗಳ ಮದುವೆ ಮಾಡುತ್ತಿದ್ದಾರೆ. ಛತ್ರದ ಅಡ್ವಾನ್ಸ್, ಅಡುಗೆ ಭಟ್ಟರ ಜೊತೆ ಚೌಕಾಸಿ, ಕಾರ್ಡ್ ಹಂಚುವಾಗ ಯಾರನ್ನೋ ಬಿಟ್ಟುಬಿಟ್ಟೆವಾ ಅನ್ನುವ ಭಯ, ಬೀಗರ ಕಡೆಯಿಂದ ಬಸ್ಸು ಒಂದಾ ಎರಡಾ ಅಂತ ಕೊನೆಯವರೆಗೂ ಗೊತ್ತಾಗದ ಲೆಕ್ಕ. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ. ಬೀಗರೂಟ ಮುಗಿದ ಮಾರನೇ ದಿನ ಮಲಗಿದವರು ಮಧ್ಯಾಹ್ನದವರೆಗೂ ಏಳುವುದಿಲ್ಲ, ಎದ್ದ ಮೇಲೆ ಪಾಯಸ ಸಾಲದೆ ಹೋದ ಕಥೆಯನ್ನು ನಗುತ್ತಾ ಹೇಳುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಮಾವನವರಿಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ. ಸ್ನಾನ, ಗಂಜಿ, ಮಾತ್ರೆ, ಡೈಪರ್, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ಇದರಲ್ಲಿ ಯಾವ ಒಂದು ದಿನವೂ ಧಾರೆಯ ದಿನದಷ್ಟು ಭಾರ ಇಲ್ಲ. ಆದರೆ ಇದಕ್ಕೆ ಮುಹೂರ್ತ ಅಂತ ಇಲ್ಲ, ಮುಗಿಯುವ ದಿನ ಅಂತಲೂ ಇಲ್ಲ. ಸೊರಗಿ ಹೋಗುವುದು ಈ ಎರಡನೆಯವರು.

ಒತ್ತಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಅದು ಯಾವಾಗ ಇಳಿಯುತ್ತದೆ ಮತ್ತು ಅದರಲ್ಲಿ ಎಷ್ಟು ಭಾಗ ನಿಮ್ಮ ಕೈಯಲ್ಲಿದೆ ಅನ್ನುವುದು ಮುಖ್ಯ. ಎತ್ತು ಉಳುಮೆ ಮಾಡಿ ಕೆಡುವುದಿಲ್ಲ, ನೊಗ ಇಳಿಸದೆ ಬಿಟ್ಟರೆ ಹೆಗಲು ಹುಣ್ಣಾಗುತ್ತದೆ. ಟೆನ್ಶನ್ನೇ ಇಲ್ಲದೆ ಬದುಕುವುದು ಹೇಗೆ ಅಂತ ಇಲ್ಲಿ ಹೇಳಲು ಹೊರಟಿಲ್ಲ, ಅದು ಆಗದ ಮಾತು. ಯಾವುದನ್ನು ಹೊರಬೇಕು, ಯಾವುದನ್ನು ಇಳಿಸಬೇಕು, ಇಳಿಸುವುದು ಹೇಗೆ, ಇಷ್ಟು ನೋಡೋಣ.

ಮೈಯಲ್ಲಿ ಏನಾಗುತ್ತದೆ

ಫೋನಿನಲ್ಲಿ ಬಾಸ್ ಹೆಸರು ಕಂಡ ಕೂಡಲೇ ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಕೆಲಸ ಅದು. ಮೊದಲು ಸೆಕೆಂಡುಗಳಲ್ಲಿ ಅಡ್ರಿನಲಿನ್ ಬರುತ್ತದೆ. ಅದರ ಹಿಂದೆಯೇ ನಿಮಿಷಗಳ ಲೆಕ್ಕದಲ್ಲಿ ಕಾರ್ಟಿಸಾಲ್ ಏರುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಕೈಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿಯುತ್ತದೆ, ಹೊಟ್ಟೆಯ ಕೆಲಸ ಸ್ವಲ್ಪ ಹೊತ್ತು ಮಂದವಾಗುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ಮಕ್ಕಳಿಗೆ ಇಡ್ಲಿ ಗಂಟಲಲ್ಲಿ ಇಳಿಯದೇ ಇರುವುದು ಇದಕ್ಕೇ. 'ಹೊಡೆದಾಡು ಇಲ್ಲವೇ ಓಡು' ಅಂತ ಮೈ ಸಿದ್ಧವಾಗುವುದನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು.

ಕಾರ್ಟಿಸಾಲ್ ಅಂದರೆ ವಿಷ ಅನ್ನುವ ಹಾಗೆ ರೀಲ್ಸ್‌ನಲ್ಲಿ ಹೇಳುತ್ತಾರಲ್ಲ, ಅದನ್ನು ನಂಬಬೇಡಿ. ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಎಲ್ಲರಲ್ಲೂ ಏರುತ್ತದೆ, ನಡುರಾತ್ರಿಯ ಹೊತ್ತಿಗೆ ತೀರಾ ಇಳಿಯುತ್ತದೆ. ಅದು ಇಲ್ಲದಿದ್ದರೆ ಹಾಸಿಗೆಯಿಂದ ಏಳುವುದಕ್ಕೂ ತ್ರಾಣ ಇರುವುದಿಲ್ಲ. ಏರುವುದರಲ್ಲಿ ತಪ್ಪಿಲ್ಲ. ಇಳಿಯದೇ ಉಳಿದರೆ ಕಷ್ಟ.

1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ಕಂಡರು. ಚಳಿಗೆ ಒಡ್ಡಿದರೂ ಸರಿ, ಗಾಯ ಮಾಡಿದರೂ ಸರಿ, ಸುಸ್ತಾಗುವಷ್ಟು ಓಡಿಸಿದರೂ ಸರಿ, ಇಲಿಯ ದೇಹದಲ್ಲಿ ಆಗುವ ಬದಲಾವಣೆ ಒಂದೇ ಥರ. ಒಳ್ಳೆಯ ಒತ್ತಡ, ಕೆಟ್ಟ ಒತ್ತಡ ಅಂತ ಮುಂದೆ ಬೇರೆ ಬೇರೆ ಹೆಸರಿಟ್ಟವರೂ ಅವರೇ.

ಎಷ್ಟು ದಿನದ ಒತ್ತಡ ಕೆಟ್ಟದ್ದು ಅಂತ ಕೇಳಿದರೆ ನನಗೆ ನೆನಪಾಗುವುದು ನೆಗಡಿಯ ಪ್ರಯೋಗ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು 276 ಜನ ಆರೋಗ್ಯವಂತರನ್ನು ಒಪ್ಪಿಸಿ, ಅವರ ಬದುಕಿನ ಕಷ್ಟಸುಖ ವಿಚಾರಿಸಿ, ಆಮೇಲೆ ಮೂಗಿಗೆ ನೆಗಡಿಯ ವೈರಸ್ ಹನಿ ಬಿಟ್ಟರು. ಯಾರಿಗೆ ನೆಗಡಿ ಬಂತು ಅಂತ ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಒಂದು ತಿಂಗಳೊಳಗೆ ಮುಗಿದ ಒತ್ತಡ, ಅದು ಎಷ್ಟೇ ಜೋರಾಗಿದ್ದರೂ, ನೆಗಡಿಯ ಸಾಧ್ಯತೆಯನ್ನು ಹೆಚ್ಚಿಸಲಿಲ್ಲ. ತಿಂಗಳು ದಾಟಿ ಎಳೆದಾಡಿದ ಒತ್ತಡ ಹೆಚ್ಚಿಸಿತು. ಅದರಲ್ಲೂ ಎರಡು ಬಗೆಯದ್ದು ಎದ್ದು ಕಂಡಿತು: ಕೆಲಸ ಇಲ್ಲದಿರುವುದು, ಮತ್ತು ಮನೆಯವರ ಜೊತೆಗೋ ಸ್ನೇಹಿತರ ಜೊತೆಗೋ ಮುಗಿಯದ ಮನಸ್ತಾಪ. ಇನ್ನೊಂದು ಕಡೆ, ಓಹಾಯೋದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಹೆಂಗಸರ ತೋಳಿನಲ್ಲಿ ಒಂದು ಚಿಕ್ಕ ಗಾಯ ಮಾಡಿ, ಎಷ್ಟು ದಿನಕ್ಕೆ ವಾಸಿಯಾಗುತ್ತದೆ ಅಂತ ಎಣಿಸಿದರು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಸುಮಾರು 9 ದಿನ ಜಾಸ್ತಿ ಬೇಕಾಯಿತು. ಇದು 1995ರ ಅಧ್ಯಯನ. "ಅವಳಿಗೇನು, ಮನೆಯಲ್ಲೇ ಇರ್ತಾಳೆ" ಅನ್ನುವವರಿಗೆ ಇದನ್ನು ಓದಿ ಹೇಳಬೇಕು.

ಒಂದು ಚೀಟಿ ಬರೆಯಿರಿ

ಹಾಳೆ ತಗೊಳ್ಳಿ. ಫೋನಿನಲ್ಲಿ ಬೇಡ, ಅದರಲ್ಲಿ ಬರೆಯಲು ಕೂತರೆ ವಾಟ್ಸಾಪ್ ತೆರೆದುಕೊಳ್ಳುತ್ತದೆ. ಈಗ ತಲೆ ತಿನ್ನುತ್ತಿರುವ ವಿಷಯಗಳನ್ನೆಲ್ಲ ಒಂದರ ಕೆಳಗೆ ಒಂದು ಬರೆಯಿರಿ. ಸಣ್ಣದು, ದೊಡ್ಡದು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು, ಎಲ್ಲ ಬರಲಿ. ಪ್ರತಿಯೊಂದರ ಮುಂದೆ ಎರಡು ಉತ್ತರ: ಇದು ಯಾವತ್ತು ಮುಗಿಯುತ್ತದೆ? ಇದರಲ್ಲಿ ನನ್ನ ಕೈಯಲ್ಲಿ ಇರುವುದು ಏನು?

ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರು ಹೀಗೆ ಬರೆದ ಚೀಟಿಯನ್ನು ನನಗೆ ತೋರಿಸಿದ್ದರು. ಮೊದಲ ಸಾಲು ಮಾರ್ಚ್ ಕ್ಲೋಸಿಂಗ್. ರಾತ್ರಿ ಒಂಬತ್ತಾದರೂ ಶಾಖೆಯಿಂದ ಹೊರಡಲು ಆಗುತ್ತಿರಲಿಲ್ಲ. ಆದರೆ ಏಪ್ರಿಲ್ ಬಂದರೆ ಅದು ಮುಗಿಯುತ್ತದೆ, ಕೆಲಸವೂ ಅವರಿಗೆ ಗೊತ್ತಿರುವುದೇ. ಎರಡನೆಯದು ಮಗನ ಎಸ್‌ಎಸ್‌ಎಲ್‌ಸಿ. ಅದಕ್ಕೂ ವೇಳಾಪಟ್ಟಿ ಇದೆ, ಆದರೆ ಪರೀಕ್ಷೆ ಬರೆಯುವವನು ಅವನು, ಇವರಲ್ಲ. ಮೂರನೆಯದು ಮನೆ ಸಾಲದ ಕಂತು. ಮುಗಿಯಲು ಇನ್ನೂ ಹತ್ತಾರು ವರ್ಷ ಬೇಕು, ನಿಜ, ಆದರೆ ಸಂಬಳದಿಂದ ತಾನಾಗಿಯೇ ಕಟ್ ಆಗುತ್ತದೆ, ತಿಂಗಳು ಹೇಗೋ ಸಾಗುತ್ತದೆ. ನಾಲ್ಕನೆಯದು ಅತ್ತೆಯವರ ಡಯಾಲಿಸಿಸ್, ವಾರದಲ್ಲಿ ಎರಡು ಸಲ ಆಸ್ಪತ್ರೆ. ಐದನೆಯದು ಗ್ರಾಹಕರ ಎದುರಿಗೇ ಕೂಗಾಡುವ ಹೊಸ ಮ್ಯಾನೇಜರ್. ಆರನೆಯದು ಪಕ್ಕದ ಮನೆಯವರು ಇವರ ಗೇಟಿನ ಮುಂದೆ ಕಾರು ನಿಲ್ಲಿಸುವುದು. ಇದನ್ನು ಬರೆದ ಮೇಲೆ ಅವರಿಗೇ ನಗು ಬಂದು ಹೊಡೆದುಹಾಕಿದ್ದರು.

ಹೆಚ್ಚಿನ ದಿನ ಅವರು ಮಾತಾಡುತ್ತಿದ್ದುದು ಮೊದಲ ಎರಡರ ಬಗ್ಗೆ, ಯಾಕೆಂದರೆ ಗಲಾಟೆ ಮಾಡುವುದು ಅವೇ. ಬೆಳಗ್ಗೆ ಎದ್ದಾಗಲೇ ಮೈ ಭಾರ ಅನಿಸುವಂತೆ ಮಾಡುತ್ತಿದ್ದುದು ಮಾತ್ರ ನಾಲ್ಕು ಮತ್ತು ಐದು. ಮುಗಿಯುವ ದಿನ ಇಲ್ಲ, ಕೈಯಲ್ಲಿ ಏನೂ ಇಲ್ಲ ಅಂತ ಎರಡೂ ಕಡೆ ಬರೆದಿದ್ದರು. ನಿಮ್ಮ ಚೀಟಿಯಲ್ಲೂ ಅಂಥ ಸಾಲು ಒಂದೋ ಎರಡೋ ಇರುತ್ತದೆ. ಸಮಯ, ದುಡ್ಡು, ಇನ್ನೊಬ್ಬರ ಸಹಾಯ, ಏನೇ ಇದ್ದರೂ ಮೊದಲು ಅಲ್ಲಿಗೆ ಹಾಕಿ.

ಒಳ್ಳೆಯದನ್ನು ಬಳಸಿಕೊಳ್ಳಿ

ಇಂಟರ್‌ವ್ಯೂಗೆ ಹೊರಗೆ ಕಾಯುತ್ತಾ ಕೂತಿದ್ದೀರಿ, ಎದೆ ಹೊಡೆದುಕೊಳ್ಳುತ್ತಿದೆ. "ಸಮಾಧಾನ, ಸಮಾಧಾನ" ಅಂತ ಹೇಳಿಕೊಂಡರೆ ಸಾಮಾನ್ಯವಾಗಿ ಸಮಾಧಾನ ಆಗುವುದಿಲ್ಲ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಜನರಿಂದ ಹಾಡಿಸಿದರು, ಭಾಷಣ ಮಾಡಿಸಿದರು, ಲೆಕ್ಕ ಮಾಡಿಸಿದರು. ಶುರು ಮಾಡುವ ಮುಂಚೆ "ನಾನು ಹುರುಪಿನಲ್ಲಿದ್ದೇನೆ" ಅಂತ ಹೇಳಿಕೊಂಡವರು, "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಕಾರಣ ಸರಳ. ಹೆದರಿಕೆಯಲ್ಲೂ ಹುರುಪಿನಲ್ಲೂ ಎದೆ ಬಡಿಯುವುದು ಒಂದೇ ಥರ. ಓಡುತ್ತಿರುವ ಎದೆಯನ್ನು ತಟ್ಟನೆ ನಿಲ್ಲಿಸುವುದು ಕಷ್ಟ, ಅದಕ್ಕೆ ಬೇರೆ ಅರ್ಥ ಕೊಡುವುದು ಸುಲಭ. "ಮೈ ರೆಡಿ ಆಗ್ತಿದೆ, ನಾನೂ ರೆಡಿ" ಅಂತ ಹೇಳಿಕೊಂಡು ಒಳಗೆ ಹೋಗಿ. ಸ್ವಲ್ಪ ನಾಟಕೀಯ ಅನಿಸಬಹುದು, ಯಾರಿಗೂ ಕೇಳಿಸಬೇಕಾಗಿಲ್ಲವಲ್ಲ.

ಆದರೆ ಇದಕ್ಕೂ ಮಿತಿ ಇದೆ. 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಚಿಟ್ಟಿಲಿಗಳ ಮೇಲೆ ಮಾಡಿದ ಹಳೆಯ ಪ್ರಯೋಗ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸುಲಭದ ಕೆಲಸಕ್ಕೆ ಒತ್ತಡ ಜಾಸ್ತಿ ಇದ್ದರೂ ನಡೆಯುತ್ತದೆ, ಕಷ್ಟದ ಕೆಲಸಕ್ಕೆ ಒತ್ತಡ ಒಂದು ಹದ ದಾಟಿದರೆ ಕಲಿಕೆ ಕುಸಿಯುತ್ತದೆ. ಮನೆ ಗುಡಿಸಲು, ಕಪಾಟು ಜೋಡಿಸಲು ನೆಂಟರು ಬರುವ ಅರ್ಧ ಗಂಟೆ ಮುಂಚಿನ ಒತ್ತಡವೇ ಸೈ. ಲೆಕ್ಕದ ಪೇಪರಿಗೆ ಅದು ನಡೆಯುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಹೊರಡುವ ಮಗುವಿಗೆ ಬಾಗಿಲಲ್ಲಿ ನಿಲ್ಲಿಸಿ "ತೊಂಬತ್ತೈದರ ಮೇಲೆ ಬರಲೇಬೇಕು" ಅನ್ನಬೇಡಿ. "ಟೆನ್ಶನ್ ಮಾಡ್ಕೋಬೇಡ" ಅಂತಲೂ ಬೇಡ, ಅಲ್ಲಿಯವರೆಗೆ ಇಲ್ಲದಿದ್ದವರಿಗೂ ಅದನ್ನು ಕೇಳಿ ಶುರುವಾಗುತ್ತದೆ. "ಗೊತ್ತಿರೋದನ್ನ ಮೊದಲು ಬರಿ, ಮಧ್ಯಾಹ್ನ ಊಟಕ್ಕೆ ಕಾಯ್ತಿರ್ತೀನಿ" ಅಂದರೆ ಸಾಕು. 2024ರಿಂದ ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಒಂದು ಕೈಕೊಟ್ಟರೆ ಇನ್ನೊಂದಿದೆ ಅನ್ನುವುದನ್ನು ಮಗುವಿಗೆ ಮೊದಲೇ, ಜನವರಿಯಲ್ಲೇ, ಮೆಲ್ಲಗೆ ತಿಳಿಸಿಡಿ. ಓದುವುದನ್ನು ಬಿಡುತ್ತಾರೆ ಅಂತ ಹೆದರುವ ಪೋಷಕರಿದ್ದಾರೆ. ನಾನು ಕಂಡಂತೆ ದಾರಿ ಇದೆ ಅಂತ ಗೊತ್ತಿರುವ ಮಕ್ಕಳೇ ನೆಮ್ಮದಿಯಾಗಿ ಕೂತು ಓದುತ್ತಾರೆ.

ಇನ್ನೊಂದು ಮಾತು. ಒತ್ತಡವೇ ಇಲ್ಲದಿದ್ದರೂ ಮಂಕು ಕವಿಯುತ್ತದೆ. ಆ ಅಮೆರಿಕದ ಪಟ್ಟಿಯಲ್ಲಿ ರಿಟೈರ್ ಆಗುವುದಕ್ಕೂ 45 ಅಂಕ ಇದೆ. ಪೇಪರನ್ನು ಎರಡೆರಡು ಸಲ ಓದಿ, ಗೇಟಿನ ಕಡೆ ನೋಡುತ್ತಾ ಕೂರುವ ಅಪ್ಪನಿಗೆ ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರವನ್ನೋ ಮೊಮ್ಮಗಳಿಗೆ ಗಣಿತ ಹೇಳಿಕೊಡುವುದನ್ನೋ ವಹಿಸಿ. ಬೈದುಕೊಂಡೇ ಮಾಡುತ್ತಾರೆ, ಆದರೆ ಮಾಡುತ್ತಾರೆ.

ಕೆಟ್ಟದ್ದನ್ನು ಇಳಿಸುವ ಬಗೆ

ಮುಗಿಯುವ ದಿನ ಇಲ್ಲದ ಕೆಲಸಕ್ಕೆ ಮಧ್ಯೆ ಮಧ್ಯೆ ಬಿಡುವನ್ನು ನಾವೇ ಹಾಕಬೇಕು, ತಾನಾಗಿ ಬರುವುದಿಲ್ಲ. ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯನ್ನೇ ತಗೊಳ್ಳಿ. "ಯಾರಾದ್ರೂ ಸ್ವಲ್ಪ ಬಂದು ನೋಡ್ಕೊಳ್ಳಿ" ಅಂತ ಕೇಳಿದರೆ ಯಾರೂ ಬರುವುದಿಲ್ಲ. ಎಲ್ಲರೂ "ಅಯ್ಯೋ ಪಾಪ, ಹೇಳಿ ಕಳ್ಸಿ, ಬರ್ತೀವಿ" ಅನ್ನುತ್ತಾರೆ. ದಿನ, ಗಂಟೆ, ಕೆಲಸ ಮೂರನ್ನೂ ಹೇಳಿ ಕೇಳಬೇಕು. "ಅಣ್ಣಾ, ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ನೀನು ಅಪ್ಪನ ಹತ್ರ ಇರು. ಊಟ ಮಾಡಿಟ್ಟಿರ್ತೀವಿ, ಮಾತ್ರೆ ಡಬ್ಬಿ ಮೇಲೆ ಟೈಮ್ ಬರೆದಿರ್ತೀವಿ." ಇದನ್ನು ಗಂಡನೇ ತನ್ನ ಅಣ್ಣನಿಗೆ ಹೇಳಬೇಕು. ಸೊಸೆ ಕೇಳಿದರೆ ಅದು ಸಹಾಯ ಕೇಳಿದಂತೆ ಆಗುವುದಿಲ್ಲ, ದೂರು ಹೇಳಿದಂತೆ ಆಗುತ್ತದೆ, ನಮ್ಮ ಮನೆಗಳು ಇರುವುದೇ ಹಾಗೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ತಮ್ಮ ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ, ಒಳ್ಳೆಯದೇ. ಅದರ ಜೊತೆಗೆ ಇನ್ಶೂರೆನ್ಸ್ ಕ್ಲೇಮು, ಔಷಧಿ ಆರ್ಡರ್ ಮಾಡುವುದು, ಡಾಕ್ಟರ ಅಪಾಯಿಂಟ್‌ಮೆಂಟು, ವಿಡಿಯೋದಲ್ಲಿ ಅವರ ಜೊತೆ ಮಾತು, ಇವನ್ನೂ ಪೂರ್ತಿಯಾಗಿ ಅವನಿಗೇ ಬಿಡಿ. ಅರ್ಧಂಬರ್ಧ ಬಿಟ್ಟರೆ ನೆನಪಿಸುವ ಕೆಲಸ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಸಿಕ್ಕ ಆ ಭಾನುವಾರದಲ್ಲಿ ಬಟ್ಟೆ ಒಗೆಯಬೇಡಿ. ಹೊರಗೆ ಹೋಗಿ.

ಇನ್ನು ಕೈಯಲ್ಲಿ ಏನೂ ಇಲ್ಲ ಅನ್ನುವ ಪ್ರಶ್ನೆ. ನ್ಯೂಯಾರ್ಕ್‌ನಲ್ಲಿ ಜೇ ವೈಸ್ ಎಂಬ ವಿಜ್ಞಾನಿ ಎರಡು ಇಲಿಗಳಿಗೆ ಒಂದೇ ಹೊತ್ತಿಗೆ ಒಂದೇ ಪ್ರಮಾಣದ ವಿದ್ಯುತ್ ಶಾಕ್ ಕೊಡುತ್ತಿದ್ದರು. ಒಂದು ಇಲಿಗೆ ಒಂದು ಚಕ್ರ ಇತ್ತು, ತಿರುಗಿಸಿದರೆ ಇಬ್ಬರಿಗೂ ಶಾಕ್ ನಿಲ್ಲುತ್ತಿತ್ತು. ಇನ್ನೊಂದಕ್ಕೆ ಏನೂ ಮಾಡಲು ಆಗುತ್ತಿರಲಿಲ್ಲ. ನೋವು ಇಬ್ಬರಿಗೂ ಸಮ, ಆದರೆ ಹೊಟ್ಟೆಯಲ್ಲಿ ಹುಣ್ಣು ಜಾಸ್ತಿ ಆದದ್ದು ಎರಡನೆಯದಕ್ಕೆ. ಮನುಷ್ಯರ ಮೇಲೂ ಇಂಥದ್ದೇ ಒಂದು ಪ್ರಯೋಗ ಆಗಿದೆ, ಪುಣ್ಯಕ್ಕೆ ಶಾಕ್ ಇಲ್ಲದೆ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಜನರನ್ನು ಕರ್ಕಶ ಸದ್ದಿನ ನಡುವೆ ಕೂರಿಸಿ, ಕೆಲವರಿಗೆ ಮಾತ್ರ "ತೀರಾ ಆಗದಿದ್ದರೆ ಈ ಬಟನ್ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ನಮಗೆ ಅನುಕೂಲ" ಅಂದರು. ಹೆಚ್ಚಿನವರು ಒತ್ತಲೇ ಇಲ್ಲ. ಆದರೂ ಆಮೇಲೆ ಕೊಟ್ಟ ಕೆಲಸಗಳಲ್ಲಿ ಬಟನ್ ಇದ್ದವರೇ ಚೆನ್ನಾಗಿ ಮಾಡಿದರು. ಬಟನ್ ಇದೆ ಅನ್ನುವುದೇ ಅವರಿಗೆ ಸಾಕಾಗಿತ್ತು.

ಹಾಗಾಗಿ ಕೆಟ್ಟ ಮ್ಯಾನೇಜರನ್ನು ಬದಲಾಯಿಸಲು ಆಗದಿದ್ದರೂ ಒಂದು ಬಟನ್ ಹುಡುಕಿ. ಒಂದೇ ದಿನ ಎರಡು ಅರ್ಜೆಂಟ್ ಕೆಲಸ ಬಂದಾಗ "ಆಗಲ್ಲ ಸರ್" ಅಂದರೆ ಜಗಳ, "ಸರಿ ಸರ್" ಅಂದರೆ ರಾತ್ರಿ ಹನ್ನೊಂದು. ಇವೆರಡರ ಮಧ್ಯೆ ಒಂದು ಇದೆ: "ಸರ್, ಎರಡರಲ್ಲಿ ಯಾವುದು ಇವತ್ತೇ ಬೇಕು ಹೇಳಿ, ಇನ್ನೊಂದನ್ನು ಬುಧವಾರ ಮಧ್ಯಾಹ್ನದೊಳಗೆ ಕೊಡ್ತೀನಿ." ಬಾಯಲ್ಲಿ ಹೇಳಿ, ಆಮೇಲೆ ಒಂದು ಸಾಲು ಮೇಲ್ ಕೂಡ ಹಾಕಿ. ಎಲ್ಲರ ಎದುರು ಕೂಗಾಡಿದ್ದನ್ನು ತಾರೀಖಿನ ಸಮೇತ ಬರೆದಿಡಿ. ಅದನ್ನು ಯಾರಿಗೂ ಕೊಡದೇ ಇರಬಹುದು, ಆದರೆ ವರ್ಗಾವಣೆ ಕೇಳುವಾಗಲೋ ಮೇಲಿನವರ ಹತ್ತಿರ ಮಾತಾಡುವಾಗಲೋ ಕೈಯಲ್ಲಿ ಏನೋ ಇರುತ್ತದೆ. ಬೇರೆ ಕೆಲಸಕ್ಕೆ ರೆಸ್ಯೂಮೆ ತಯಾರು ಮಾಡಿ ಇಟ್ಟುಕೊಳ್ಳುವುದೂ ಅಂಥದ್ದೇ ಬಟನ್, ಕಳಿಸಲೇಬೇಕು ಅಂತ ಏನಿಲ್ಲ.

ರಾತ್ರಿ ಆಫೀಸ್ ಗ್ರೂಪಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮ್ಯೂಟ್ ಮಾಡಿ. ನಿಜವಾಗಿಯೂ ಬೆಂಕಿ ಬಿದ್ದರೆ ಫೋನ್ ಮಾಡುತ್ತಾರೆ.

ಸಾಲದ ಒತ್ತಡ ಬೇರೆ ಜಾತಿಯದ್ದು. ಉಸಿರಾಟದ ವ್ಯಾಯಾಮದಿಂದ ಬಡ್ಡಿ ಇಳಿಯುವುದಿಲ್ಲ. ಇಲ್ಲಿ ಒಂದೇ ಮಾತು: ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ಕೂತು ಮಾತಾಡಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಮೂರು ಕಂತು ತಪ್ಪಿದ ಮೇಲೆ ಹೋದರೆ ಅವರ ಮಾತೇ ಬೇರೆ ಇರುತ್ತದೆ. ವಸೂಲಿ ಏಜೆಂಟರು ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುವುದರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ, ಠಾಣೆಯಲ್ಲಿ ದೂರು ಕೊಡಬಹುದು. ಮತ್ತೆ, ಸಾಲ ಎಷ್ಟಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಮುಚ್ಚಿಡುವುದೇ ಅರ್ಧ ಜೀವ ತೆಗೆಯುತ್ತದೆ.

ಮೈಯ ಒತ್ತಡ ಇಳಿಸುವುದು

ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಎಳೆಯುವಾಗ ಸ್ವಲ್ಪ ಜೋರಾಗುತ್ತದೆ. ನಾಡಿ ಹಿಡಿದು ನೋಡಿದರೆ ಕೆಲವರಿಗೆ ಗೊತ್ತಾಗುತ್ತದೆ. ಆದ್ದರಿಂದ ಉಸಿರು ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ, ಎಲ್ಲ ಪದ್ಧತಿಗಳ ಗುಟ್ಟು ಹೆಚ್ಚುಕಡಿಮೆ ಇಷ್ಟೇ. ಮೂಗಿನಿಂದ ಎಳೆಯಿರಿ, ತುಂಬಿದ ಮೇಲೆ ಇನ್ನೂ ಒಂಚೂರು ಎಳೆಯಿರಿ, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡಿ. ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 5 ನಿಮಿಷ ಹೀಗೆ ಒಂದು ತಿಂಗಳು ಮಾಡಿದವರ ಮನಸ್ಸು, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತಲೂ ಹೆಚ್ಚು ಹಗುರಾಗಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಮಾಡಬಹುದು, ಅಲ್ಲಿ ಐದು ನಿಮಿಷಕ್ಕೆ ಕೊರತೆ ಇಲ್ಲ. ತಲೆ ತಿರುಗಿದರೆ ನಿಲ್ಲಿಸಿ, ಜೋರಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ. ಬೈಕಿನಲ್ಲಿದ್ದರೆ ಹೊಗೆಯಲ್ಲಿ ಮಾಡುವುದು ಬೇಡ.

ಕೋಪ ಬಂದಾಗ ಕೂತು ಯೋಚಿಸುವುದಕ್ಕಿಂತ ಎದ್ದು ನಡೆಯುವುದು ವಾಸಿ. ಮೈ ಸಿದ್ಧವಾದದ್ದೇ ಓಡುವುದಕ್ಕಲ್ವಾ, ರಕ್ತದಲ್ಲಿ ಏರಿದ ಆ ಸಕ್ಕರೆಯನ್ನು ಕಾಲಿಗೆ ಕೊಡಿ. ಎರಡು ಸ್ಟಾಪ್ ಮುಂಚೆ ಬಸ್ಸಿಳಿದು ನಡೆದು ಬಂದವರು ಮನೆಯೊಳಗೆ ಕಾಲಿಟ್ಟಾಗ ಮಕ್ಕಳ ಮೇಲೆ ರೇಗುವುದು ಕಡಿಮೆ. ಜಿಮ್ ಗಿಮ್ ಎಲ್ಲ ಆಮೇಲೆ.

ರಾತ್ರಿ ಮಲಗಿದ ಮೇಲೆ ನಾಳೆಯ ಕೆಲಸಗಳು ಒಂದೊಂದಾಗಿ ತಲೆಗೆ ಬರುತ್ತವಲ್ಲ, ಅದಕ್ಕೆ ಒಂದು ಸುಲಭ ಉಪಾಯ. ಮಲಗುವ ಮುಂಚೆ 5 ನಿಮಿಷ ನಾಳೆ ಮಾಡಬೇಕಾದ ಕೆಲಸ ಬರೆದಿಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು, 2018ರಲ್ಲಿ ಪ್ರಕಟವಾಯಿತು. ನಾಳೆಯ ಕೆಲಸ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಗೆ ಜಾರಿದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. 'ಗ್ಯಾಸ್' ಅಂತ ಬರೆದರೆ ಸಾಲದು, 'ಬೆಳಗ್ಗೆ ಎಂಟಕ್ಕೆ ಮುಂಚೆ ಗ್ಯಾಸ್ ಬುಕ್ ಮಾಡುವುದು' ಅಂತ ಬರೆಯಿರಿ.

ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ಮನೆಯಲ್ಲೇ ಬೆಳೆದದ್ದು. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನ ಮೂರರದ್ದೇ ಕೊನೆಯದಾಗಲಿ. ನಿದ್ದೆಗೆ ಅಂತ ಒಂದು ಪೆಗ್ ಹಾಕುವವರಿಗೆ: ನಿದ್ದೆ ಬೇಗ ಬರುತ್ತದೆ ನಿಜ, ಮೂರು ಗಂಟೆಗೆ ಎಚ್ಚರ ಮಾಡಿಸುವುದೂ ಅದೇ.

ಇಷ್ಟು ಸಾಲದಾಗ

ಎದೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಬಂದರೆ ಟೆನ್ಶನ್, ಗ್ಯಾಸ್ಟ್ರಿಕ್ ಅಂತ ನೀವೇ ತೀರ್ಮಾನ ಮಾಡಬೇಡಿ. ಸೋಡಾ ಕುಡಿದು ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಏನೂ ಇಲ್ಲ ಅಂತ ಬಂದರೆ ಸಂತೋಷ.

ಎರಡು ವಾರ ದಾಟಿದರೂ ನಿದ್ದೆ ಸರಿಹೋಗದಿದ್ದರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ, ಊಟ ಸೇರದಿದ್ದರೆ, ಕುಡಿತ ಜಾಸ್ತಿಯಾಗಿದ್ದರೆ ಅದು ಬರೀ ಒತ್ತಡ ಆಗಿರಲಿಕ್ಕಿಲ್ಲ. ಬದುಕುವುದೇ ಬೇಡ ಅನಿಸಿದರೆ ಎರಡು ವಾರವೂ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ವ್ಯವಸ್ಥೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಬೆಂಗಳೂರಿಗೇ ಬರಬೇಕು ಅಂತ ಏನಿಲ್ಲ. ಸಾಮಾನ್ಯ ಸರ್ಕಾರಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಗಬೇಕು ಅನ್ನುವ ಯೋಜನೆಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಯಾವ ದಿನ, ತಾಲ್ಲೂಕು ಆಸ್ಪತ್ರೆಗೆ ಯಾವತ್ತು ಬರುತ್ತಾರೆ ಅಂತ ಒಪಿಡಿ ಚೀಟಿ ಕೊಡುವಲ್ಲಿ ಕೇಳಿ.

ಡಾಕ್ಟರ ಹತ್ತಿರ "ಟೆನ್ಶನ್ನು" ಅಂತ ಮಾತ್ರ ಹೇಳಿ ಬರಬೇಡಿ. ನಿದ್ದೆ ಎಷ್ಟು ಗಂಟೆ, ಎಷ್ಟಕ್ಕೆ ಎಚ್ಚರ, ಯಾವಾಗಿನಿಂದ, ಬಿಪಿ ಶುಗರ್‌ಗೆ ಯಾವ ಮಾತ್ರೆ ನಡೆಯುತ್ತಿದೆ, ಇಷ್ಟು ಹೇಳಿ. ಮಾತ್ರೆ ಕೊಟ್ಟರೆ ಹುಷಾರಾಯಿತು ಅಂತ ಮಧ್ಯದಲ್ಲಿ ನೀವೇ ನಿಲ್ಲಿಸಬೇಡಿ. ಮನೆಯವರ ಎದುರು ಹೇಳಲು ಸಂಕೋಚ ಇದ್ದರೆ, ಜೊತೆಗೆ ಬಂದವರು ಸ್ವಲ್ಪ ಹೊತ್ತು ಹೊರಗೆ ಕೂರಲಿ ಅಂತ ಡಾಕ್ಟರಿಗೆ ಹೇಳಿ. ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಕೊಟ್ಟಿದೆ, ಆಫೀಸಿನವರಿಗೆ ಗೊತ್ತಾಗಿಬಿಟ್ಟರೆ ಅಂತ ಹೆದರಿ ಮುಂದೆ ಹಾಕಬೇಡಿ.